ನಂಬಿದ ಮತ, ಹುಟ್ಟಿದ ಮನೆ: ಗಡಿನಾಡಿನ ಕ್ರೈಸ್ತ ಇತಿಹಾಸದ ಒಂದು ಮುಖ

ಕರಾವಳಿಯ ಕ್ರೈಸ್ತ ಮಿಶನ್ನುಗಳ ವಿಷಯವಾಗಿ ಕನ್ನಡದಲ್ಲಿ ಬರೆಹಗಳಿಗೆ ಕೊರತೆಯಿಲ್ಲ. ೧೮೩೪ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದುದು, ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದುದು, ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಬೆಳಕು ಕಂಡುದು—ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಕಾಸರಗೋಡು ತಾಲೂಕು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದುದರಿಂದ ಆ ಇತಿಹಾಸವು ನಮ್ಮದೂ ಹೌದು. ಇಂಥ ಸ್ಮರಣ ಸಂಚಿಕೆಗಳಲ್ಲಿ ಅದನ್ನು ಅಭಿಮಾನದಿಂದ ನೆನೆಯುತ್ತ ಬಂದಿದ್ದೇವೆ.

ಆದರೆ ಆ ಇತಿಹಾಸದಲ್ಲಿ ಒಂದು ಬಾಗಿಲು ಮುಚ್ಚಿಯೇ ಉಳಿದಿದೆ. ಅದು ಮನೆಯ ಬಾಗಿಲು. ಒಬ್ಬ ಮಗನು, ಒಬ್ಬ ಅಳಿಯನು, ಒಬ್ಬ ಗಂಡನು ಹೊಸ ಮತವನ್ನು ನಂಬಿ ಬಂದು ನಿಂತಾಗ ಆ ಮನೆಯೊಳಗೆ ನಡೆದುದೇನು? ತಾಯಿತಂದೆಗಳು ಏನನ್ನು ಕಳೆದುಕೊಂಡೆವೆಂದು ಅತ್ತರು? ನಂಬಿದವನು ತನ್ನ ನಂಬಿಕೆಯನ್ನು ಯಾವ ಬೆಲೆ ತೆತ್ತು ಉಳಿಸಿಕೊಂಡನು? ದೀಕ್ಷಾಸ್ನಾನದ ದಿನವನ್ನು ಇತಿಹಾಸವು ಬರೆದಿಟ್ಟಿದೆ. ಅದರ ಮರುದಿನವನ್ನು, ಮರುವರ್ಷವನ್ನು ಬರೆದವರು ವಿರಳ. ನಿಷ್ಠೆಯ ನಿಜವಾದ ಪರೀಕ್ಷೆ ನಡೆದುದು ಆ ಮರುದಿನಗಳಲ್ಲಿ. ಆ ಪರೀಕ್ಷೆಯ ಕೆಲವು ಪ್ರಸಂಗಗಳನ್ನು ಮಂಗಳೂರು, ಕೊಡಗು, ಬಳ್ಳಾರಿ, ನೀಲಗಿರಿ, ಪಂಢರಪುರಗಳಿಂದ ಆಯ್ದು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಯಾವ ಮತದ ಪರವಾಗಿಯೂ ವಾದಿಸುವ ಇಚ್ಛೆ ನಮಗಿಲ್ಲ.

೧. ಮನೆಯವರು ವಿರೋಧಿಸಿದುದೇಕೆ?

ವಿರೋಧಿಸಿದವರನ್ನೆಲ್ಲ ಕ್ರೂರಿಗಳೆಂದು ತಿಳಿಯುವುದು ತಪ್ಪು. ಹತ್ತೊಂಬತ್ತನೆಯ ಶತಮಾನದ ನಮ್ಮ ನಾಡಿನಲ್ಲಿ ಮತವೆಂಬುದು ಒಬ್ಬ ವ್ಯಕ್ತಿಯ ಮನಸ್ಸಿನೊಳಗಿನ ವಸ್ತುವಾಗಿರಲಿಲ್ಲ. ಅದು ಅಡಿಗೆಮನೆಯಲ್ಲಿತ್ತು, ಬಾವಿಯ ಕಟ್ಟೆಯಲ್ಲಿತ್ತು, ಶ್ರಾದ್ಧದ ಎಲೆಯಲ್ಲಿತ್ತು, ಗದ್ದೆಯ ಪಟ್ಟೆಯಲ್ಲಿತ್ತು. ಬ್ರಾಹ್ಮಣರ ಮನೆಯಲ್ಲಿ ಮಗನು ಜಾತಿ ಬಿಟ್ಟನೆಂದರೆ ತಂದೆಗೆ ಪಿಂಡವಿಡುವವನು ಇಲ್ಲವಾದನೆಂದು ಅರ್ಥ. ಬದುಕಿರುವ ಮಗನಿಗಾಗಿ ಘಟಶ್ರಾದ್ಧವನ್ನು ಮಾಡಿ, ಅವನು ಸತ್ತನೆಂದು ಭಾವಿಸಿ ಮಿಂದು ಬರುವ ವಿಧಿಯಿದ್ದಿತು. ಆ ವಿಧಿಯನ್ನು ಮಾಡಿದ ತಂದೆಯ ಕೈ ನಡುಗಲಿಲ್ಲವೆಂದು ಯಾರು ಹೇಳಬಲ್ಲರು? ಮಾಡದಿದ್ದರೆ ಉಳಿದ ಮಕ್ಕಳ ಮದುವೆ ನಿಲ್ಲುತ್ತಿತ್ತು. ಮನೆಗೆ ಪುರೋಹಿತನು ಬರುತ್ತಿರಲಿಲ್ಲ. ನೆಂಟರು ನೀರು ಮುಟ್ಟುತ್ತಿರಲಿಲ್ಲ. ಒಬ್ಬನ ನಂಬಿಕೆಗಾಗಿ ಹತ್ತು ಜನರು ದಂಡ ತೆರಬೇಕಾಗಿತ್ತು.

ಅಳಿಯಸಂತಾನದ ಕಟ್ಟಿನಲ್ಲಿದ್ದ ಮನೆಗಳ ಸಂಗತಿ ಬೇರೆ, ಸಂಕಟ ಒಂದೇ. ಅಲ್ಲಿ ಆಸ್ತಿಯು ತಾಯಿಯ ವಂಶದ ಕುಟುಂಬಕ್ಕೆ ಸೇರಿದುದು. ಯಜಮಾನನು ಅದನ್ನು ನೋಡಿಕೊಳ್ಳುವವನು ಮಾತ್ರ. ಆ ಮನೆಗೆ ತನ್ನದೇ ಭೂತ, ತನ್ನದೇ ಕಟ್ಟುಕಟ್ಟಳೆ. ವರ್ಷಾವಧಿ ನೇಮದ ದಿನ ಮನೆಯ ಮಂದಿಯೆಲ್ಲ ಒಂದೇ ಅಂಗಳದಲ್ಲಿ ನಿಲ್ಲಬೇಕು, ಪ್ರಸಾದ ಸ್ವೀಕರಿಸಬೇಕು. ಒಬ್ಬನು ‘ನಾನು ನಿಲ್ಲಲಾರೆ’ ಎಂದರೆ ಅದು ಅವನೊಬ್ಬನ ಮಾತಾಗಿ ಉಳಿಯುತ್ತಿರಲಿಲ್ಲ. ಮುಂದೆ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ, ಹಸು ಸತ್ತರೂ ‘ಇವನಿಂದಾಯಿತು’ ಎಂಬ ಮಾತು ಹುಟ್ಟುತ್ತಿತ್ತು. ಆ ಭಯವು ನಟನೆಯಲ್ಲ. ತರವಾಡುಗಳ ನಡುವೆ ಬೆಳೆದ ನಮ್ಮ ಕಾಸರಗೋಡಿನ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಂಬಿದವನ ಬಳಿಯಲ್ಲಿಯೂ ಸುಲಭವಾದ ಉತ್ತರವಿರಲಿಲ್ಲ. ತಂದೆತಾಯಿಗಳಿಗೆ ಗೌರವ ಸಲ್ಲಿಸಬೇಕೆಂಬುದು ಅವನು ಹೊಸದಾಗಿ ಓದಿದ ಶಾಸ್ತ್ರದ ಹತ್ತು ಆಜ್ಞೆಗಳಲ್ಲೊಂದು. ತಂದೆತಾಯಿಗಳನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನ್ನ ಶಿಷ್ಯನಾಗಲು ಯೋಗ್ಯನಲ್ಲವೆಂದು ಕ್ರಿಸ್ತನು ನುಡಿದುದೂ ಅದೇ ಶಾಸ್ತ್ರದಲ್ಲಿದೆ. ಈ ಎರಡು ಮಾತುಗಳ ನಡುವೆ ಬಾಳುವುದು ಹೇಗೆಂಬುದೇ ಅವನ ಜೀವಮಾನದ ಪ್ರಶ್ನೆಯಾಯಿತು.

೨. ಗೋತ್ರದ ಹೆಸರನ್ನು ಬಿಡದ ಆನಂದರಾಯರು

ಮಂಗಳೂರಿನ ಆನಂದರಾಯ ಕೌಂಡಿನ್ಯರು ೧೮೨೫ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಇಂಗ್ಲಿಷ್ ಕಲಿಯುವ ಆಸೆಯಿಂದ ಬಾಸೆಲ್ ಮಿಶನ್ನಿನ ಶಾಲೆಯನ್ನು ಸೇರಿದರು. ಅಂದಿನ ಕಂಪೆನಿ ಸರಕಾರದ ಕಚೇರಿಗಳಲ್ಲಿ ಉದ್ಯೋಗ ದೊರೆಯಬೇಕಾದರೆ ಇಂಗ್ಲಿಷ್ ಬೇಕಾಗಿತ್ತು. ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ತಂದೆಗಳ ಲೆಕ್ಕಾಚಾರವೂ ಅಷ್ಟೇ. ಅಲ್ಲಿ ಗುರುಗಳಾಗಿ ದೊರೆತವರು ಮೋಗ್ಲಿಂಗರು. ಕನ್ನಡವನ್ನು ಕನ್ನಡಿಗರಂತೆಯೇ ಪ್ರೀತಿಸಿದ ಆ ಜರ್ಮನ್ ವಿದ್ವಾಂಸರ ಸಹವಾಸದಲ್ಲಿ ಆನಂದರಾಯರ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿತು. ೧೮೪೪ರ ಜನವರಿಯಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿದ್ದಾಗಲೇ, ತಮ್ಮ ಜಾತಿಯ ಇನ್ನಿಬ್ಬರು ಗೆಳೆಯರೊಡನೆ ಅವರು ದೀಕ್ಷಾಸ್ನಾನವನ್ನು ಹೊಂದಿದರು.

ಊರಿನಲ್ಲಿ ಕೋಲಾಹಲವೆದ್ದಿತು. ಅದುವರೆಗೆ ಪ್ರತಿಷ್ಠಿತ ಬ್ರಾಹ್ಮಣ ಮನೆಗಳ ತರುಣರು ಹೀಗೆ ಮಾಡಿದುದು ಮಂಗಳೂರಿನಲ್ಲಿ ಕಂಡ ಸಂಗತಿಯಲ್ಲ. ಶಾಲೆಗೆಂದು ಕಳುಹಿಸಿದ ಮಕ್ಕಳನ್ನು ಪಾದ್ರಿಗಳು ಕಸಿದುಕೊಂಡರೆಂದು ಮನೆಯವರು ಮರುಗಿದರು, ಊರಿನವರು ಕೆರಳಿದರು. ಆ ಮರುಕಕ್ಕೆ ಕಾರಣವಿತ್ತೆಂಬುದನ್ನು ಇಂದಿನ ಕ್ರೈಸ್ತ ವಾಚಕರೂ ಒಪ್ಪಿಯಾರು. ಹದಿಹರೆಯದ ವಿದ್ಯಾರ್ಥಿಯ ನಿರ್ಧಾರವು ಎಷ್ಟರಮಟ್ಟಿಗೆ ಅವನದು, ಎಷ್ಟರಮಟ್ಟಿಗೆ ಗುರುವಿನ ಪ್ರಭಾವ ಎಂಬ ಪ್ರಶ್ನೆ ಅಂದು ಮದರಾಸು, ಕಲಕತ್ತೆಗಳಲ್ಲಿಯೂ ಎದ್ದಿತ್ತು. ಅದು ಅನ್ಯಾಯದ ಪ್ರಶ್ನೆಯಲ್ಲ.

ಆ ಪ್ರಶ್ನೆಗೆ ಆನಂದರಾಯರು ಮಾತಿನಲ್ಲಿ ಉತ್ತರ ಕೊಡಲಿಲ್ಲ, ಬಾಳಿನಲ್ಲಿ ಕೊಟ್ಟರು. ೧೮೪೬ರಲ್ಲಿ ಮೋಗ್ಲಿಂಗರೊಡನೆ ಯುರೋಪಿಗೆ ಹೋದರು. ಜಾತಿಯನ್ನು ಬಿಟ್ಟ ಮೇಲೆ ಸಮುದ್ರೋಲ್ಲಂಘನವೆಂಬುದು ಎರಡನೆಯ ಕಟ್ಟಳೆಯ ಭಂಗ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯದಲ್ಲಿ ಓದಿ, ೧೮೫೧ರಲ್ಲಿ ಪಾದ್ರಿಯ ದೀಕ್ಷೆ ಪಡೆದರು. ಬಾಸೆಲ್ ಮಿಶನ್ನಿನಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಮನಸ್ಸು ಬಂದಿದ್ದರೆ ಅವರು ಯಾರೂ ಗುರುತಿಸದ ಬೇರೊಂದು ಊರಿನಲ್ಲಿ ನೆಲಸಬಹುದಿತ್ತು. ಹಾಗೆ ಮಾಡದೆ, ತಾವು ಯಾವ ಬೀದಿಗಳಲ್ಲಿ ಆಡಿ ಬೆಳೆದಿದ್ದರೋ, ಯಾವ ಬೀದಿಗಳಲ್ಲಿ ಬಂಧುಗಳು ಮುಖ ತಿರುಗಿಸಿ ನಡೆಯುತ್ತಿದ್ದರೋ, ಆ ಮಂಗಳೂರಿಗೇ ಮರಳಿ ಬಂದು ಅಲ್ಲಿಯೇ ಪಾಠ ಹೇಳಿದರು.

ಇಲ್ಲಿ ಒಂದು ಚಿಕ್ಕ ಸಂಗತಿಯನ್ನು ವಾಚಕರು ಗಮನಿಸಬೇಕು. ದೀಕ್ಷಾಸ್ನಾನದಲ್ಲಿ ಅವರಿಗೆ ತಮ್ಮ ಗುರುವಿನ ಹೆಸರಾದ ‘ಹರ್ಮನ್’ ಎಂಬುದು ಬಂದಿತು. ಆದರೂ ಅವರು ಕೊನೆಯವರೆಗೆ ಹರ್ಮನ್ ಆನಂದರಾಯ ಕೌಂಡಿನ್ಯರೆಂದೇ ಪ್ರಸಿದ್ಧರಾದರು. ಕೌಂಡಿನ್ಯ ಎಂಬುದು ಗೋತ್ರದ ಹೆಸರು. ಗೋತ್ರದಿಂದ ಹೊರಗಾದವನೆಂದು ಜನರು ಎಣಿಸಿದ ವ್ಯಕ್ತಿಯು ಆ ಗೋತ್ರದ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದನು! ತನ್ನನ್ನು ತ್ಯಜಿಸಿದವರನ್ನು ತಾನು ತ್ಯಜಿಸಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕೆ?

ಮುಂದೆ ಕೊಡಗಿನಲ್ಲಿ, ತಲೆಮಾರುಗಳಿಂದ ಜೀತದಲ್ಲಿ ಬಿದ್ದಿದ್ದ ಹೊಲೆಯರು ಕ್ರೈಸ್ತರಾದಾಗ ಅವರಿಗಾಗಿ ಒಂದು ಊರನ್ನು ಕಟ್ಟುವ ಕೆಲಸದಲ್ಲಿ ಕೌಂಡಿನ್ಯರು ಮೋಗ್ಲಿಂಗರಿಗೆ ಜೊತೆಯಾದರು. ಆ ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂಬ ಹೆಸರಾಯಿತು. ಒಂದು ಮನೆಯನ್ನು ಕಳೆದುಕೊಂಡವರು ಮನೆಯೇ ಇಲ್ಲದವರಿಗೆ ಒಂದು ಊರನ್ನು ಕಟ್ಟಿಕೊಟ್ಟರು. ೧೮೯೩ರಲ್ಲಿ ಅವರು ತೀರಿಕೊಂಡರು. ದೀಕ್ಷಾಸ್ನಾನದಿಂದ ಮರಣದವರೆಗೆ ಲೆಕ್ಕಹಾಕಿದರೆ ನಲವತ್ತೊಂಬತ್ತು ವರ್ಷಗಳು. ಹದಿನೆಂಟರ ಹುಡುಗನದು ಕ್ಷಣಿಕವಾದ ಭ್ರಮೆಯೆಂದು ಅಂದು ತಿಳಿದವರಿಗೆ ಆ ನಲವತ್ತೊಂಬತ್ತು ವರ್ಷಗಳೇ ಉತ್ತರ.

೩. ಐನ್‌ಮನೆಯ ಬಾಗಿಲಲ್ಲಿ ಸೋಮಯ್ಯ

ಕೊಡಗಿನ ಮಾತು ಬಂದುದರಿಂದ ಅಲ್ಲಿಯ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಅಲ್ಮಂಡ ಒಕ್ಕದ ಸೋಮಯ್ಯನೆಂಬ ಕೊಡವನು ಮಂಗಳೂರಿಗೆ ಬಂದು ೧೮೫೩ರಲ್ಲಿ ಸ್ತೆಫಾನ ಸೋಮಯ್ಯನೆಂಬ ಹೆಸರಿನಿಂದ ಕ್ರೈಸ್ತನಾದನು. ಆನಂದರಾಯರು ಪೇಟೆಯ ಶಾಲೆಯಲ್ಲಿ ಓದಿದ ತರುಣರು. ಸೋಮಯ್ಯನಾದರೋ ಒಕ್ಕಲುತನದ ಮನೆಯವನು. ಕೊಡವರ ಒಕ್ಕವೆಂದರೆ ಬರಿಯ ಕುಟುಂಬವಲ್ಲ. ಐನ್‌ಮನೆ, ಅದರ ಕಾರಣವ ಪೂಜೆ, ಒಡೆಯದೆ ಉಳಿಯುವ ಜಮ್ಮಾ ಭೂಮಿ, ಪುತ್ತರಿಯ ಕದಿರು, ಕೈಲ್‌ಪೊಳ್ದಿನ ಕೋವಿ—ಇವೆಲ್ಲ ಒಂದೇ ಹಗ್ಗದ ಎಳೆಗಳು. ಕಾರಣವನಿಗೆ ಎಡೆಯಿಡದವನು ಒಕ್ಕದವನೇ ಹೇಗಾದಾನು? ಒಕ್ಕದವನಲ್ಲದ ಮೇಲೆ ಜಮ್ಮಾ ಭೂಮಿಯಲ್ಲಿ ಅವನಿಗೇನು ಹಕ್ಕು? ಮನೆಯವರ ಈ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ.

ಸೋಮಯ್ಯನು ನಂಬಿಕೆಯನ್ನೂ ಬಿಡಲಿಲ್ಲ, ನೆಲವನ್ನೂ ಬಿಡಲಿಲ್ಲ. ಮಂಗಳೂರಿನ ಮಿಶನ್ ಕೇರಿಯಲ್ಲಿ ಸುಖವಾಗಿ ಇದ್ದುಬಿಡದೆ ತನ್ನ ನಾಡಿಗೆ ಹಿಂದಿರುಗಿದನು. ಮೋಗ್ಲಿಂಗರು ಕೊಡಗಿಗೆ ಹೋಗಿ ನೆಲಸಿದುದು ಇವನ ನಿಮಿತ್ತವಾಗಿಯೇ. ಕ್ರೈಸ್ತನಾದ ಕೊಡವನಿಗೆ ಜಮ್ಮಾ ರೈತನ ಹಕ್ಕುಗಳು ಉಳಿಯುತ್ತವೆಯೆ ಎಂಬ ಪ್ರಶ್ನೆಯು ಸರಕಾರದವರೆಗೆ ಹೋಯಿತು. ಮತಾಂತರದಿಂದ ಅವು ನಷ್ಟವಾಗವೆಂದು ತೀರ್ಮಾನವಾಯಿತು. ಕೊಡವನಾಗಿರುವುದು ಬೇರೆ, ಯಾವ ದೇವರಿಗೆ ಕೈಮುಗಿಯುವನೆಂಬುದು ಬೇರೆ ಎಂದು ಅಂದು ಮೊದಲಬಾರಿಗೆ ಕಾಗದದ ಮೇಲೆ ಬರೆಯಲ್ಪಟ್ಟಿತು. ಆದರೆ ಸರಕಾರದ ಕಾಗದವು ಭೂಮಿಯನ್ನು ಕೊಡಿಸಬಲ್ಲುದೇ ಹೊರತು ಅಣ್ಣತಮ್ಮಂದಿರ ಪಂಕ್ತಿಯಲ್ಲಿ ಎಲೆಯನ್ನು ಹಾಕಿಸಲಾರದು.

ನೀಲಗಿರಿಯಲ್ಲಿಯೂ ಇಂಥದೇ ಕಥೆ. ಕೇತಿಯಲ್ಲಿ ಬಾಸೆಲ್ ಮಿಶನ್ನಿನವರು ನೆಲಸಿ ಹತ್ತು ವರ್ಷಗಳಿಗೂ ಹೆಚ್ಚುಕಾಲ ದುಡಿದ ಮೇಲೆ, ೧೮೫೮ರಲ್ಲಿ, ಬಡಗರಲ್ಲಿ ಮೊದಲನೆಯವನು ಕ್ರೈಸ್ತನಾದನು. ಬಡಗರ ಹಟ್ಟಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ನೆರೆಮನೆಗೂ ತನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಂಥ ಸಾಲಿನಲ್ಲಿ ಒಬ್ಬನು ಬೇರೆಯಾಗಿ ನಿಲ್ಲುವುದೆಂದರೇನೆಂಬುದನ್ನು ಊಹಿಸಬಹುದು.

೪. ಕಾಯಿದೆ ಕೊಟ್ಟುದೇನು, ಕೊಡಲಾರದುದೇನು?

ಈ ಮನೆಜಗಳಗಳು ಹೆಚ್ಚಿದಂತೆ ಕಂಪೆನಿ ಸರಕಾರವು ೧೮೫೦ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಜಾತಿನಿರ್ಬಂಧಗಳ ನಿವಾರಣೆಯ ಆ ಇಪ್ಪತ್ತೊಂದನೆಯ ಕಾಯಿದೆಯ ಸಾರಾಂಶವಿಷ್ಟೆ: ಒಬ್ಬನು ಮತವನ್ನು ಬಿಟ್ಟನೆಂದಾಗಲಿ ಜಾತಿಯಿಂದ ಹೊರಗಾದನೆಂದಾಗಲಿ ಅವನ ಆಸ್ತಿಯ ಹಕ್ಕನ್ನು ಕಳೆಯುವ ಯಾವ ಶಾಸ್ತ್ರವನ್ನೂ ರೂಢಿಯನ್ನೂ ನ್ಯಾಯಾಲಯಗಳು ಇನ್ನು ಮುಂದೆ ಜಾರಿಮಾಡತಕ್ಕದ್ದಲ್ಲ. ಬಂಗಾಳ, ಮದರಾಸು ಪ್ರಾಂತಗಳ ಹಿಂದೂ ಪ್ರಮುಖರು ಇದನ್ನು ಪ್ರತಿಭಟಿಸಿದರು. ಪಿಂಡವಿಡುವ ಕರ್ತವ್ಯಕ್ಕೂ ಆಸ್ತಿಯ ಹಕ್ಕಿಗೂ ಶಾಸ್ತ್ರವು ಗಂಟುಹಾಕಿರುವಾಗ, ಕರ್ತವ್ಯವನ್ನು ಬಿಟ್ಟವನಿಗೆ ಹಕ್ಕನ್ನು ಮಾತ್ರ ಕೊಡಿಸುವುದು ಯಾವ ನ್ಯಾಯವೆಂಬುದು ಅವರ ವಾದ.

ಕಾಯಿದೆಯ ಪ್ರಯೋಜನವೂ ಎಲ್ಲರಿಗೆ ಒಂದೇ ತೆರನಾಗಿ ಆಗಲಿಲ್ಲ. ನಮ್ಮ ಜಿಲ್ಲೆಯ ಅಳಿಯಸಂತಾನದ ಕುಟುಂಬಗಳಲ್ಲಿ ಒಬ್ಬನು ಬಲಾತ್ಕಾರವಾಗಿ ಪಾಲು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಅದು ಬಂದುದು ೧೯೪೯ರ ಮದರಾಸು ಅಳಿಯಸಂತಾನ ಶಾಸನದಿಂದ. ಆದುದರಿಂದ ಕ್ರೈಸ್ತನಾದ ಬಿಲ್ಲವನಿಗೆ ಹಕ್ಕು ಅಳಿಯದೆ ಉಳಿದರೂ, ಕೈಗೆ ಬರಲು ಪಾಲೆಂಬುದಿರಲಿಲ್ಲ. ಮಿಶನ್ನಿನವರು ಶೇಂದಿ ಇಳಿಸುವ ಕಸುಬನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ಕುಲದ ಉದ್ಯೋಗವೂ ಹೋಯಿತು; ಧಣಿಯ ಕೋಪದಿಂದ ಗೇಣಿಯ ಗದ್ದೆಯೂ ಹೋಯಿತು. ಹೀಗೆ ಬರಿಗೈಯಲ್ಲಿ ಬಂದ ಜನರಿಗೆ ಅನ್ನದ ದಾರಿ ತೋರಿಸಬೇಕಾದ ಅಗತ್ಯದಿಂದಲೇ ನೇಯ್ಗೆಯ ಮಗ್ಗಗಳೂ ಹೆಂಚಿನ ಕಾರ್ಖಾನೆಗಳೂ ಹುಟ್ಟಿದುವು. ಪಶ್ಚಿಮ ಕರಾವಳಿಯ ಮನೆಮನೆಯ ಮಾಡನ್ನು ಹೊದಿಸಿದ ಮಂಗಳೂರು ಹೆಂಚಿನ ಹಿಂದೆ, ತಮ್ಮ ಹುಟ್ಟುಮನೆಯ ಮಾಡನ್ನು ಕಳೆದುಕೊಂಡವರ ಬೆವರಿದೆ. ಅವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ದಪ್ಪಕ್ಷರದಲ್ಲಿ ಅಚ್ಚಾಗಿಲ್ಲ. ಆನಂದರಾಯರಿಗೆ ವಿದ್ಯೆಯ ಆಸರೆಯಿತ್ತು. ಇವರಿಗೆ ನಂಬಿಕೆಯಲ್ಲದೆ ಬೇರೇನೂ ಇರಲಿಲ್ಲ.

ಬಳ್ಳಾರಿಯ ಅಬ್ರಹಾಂ ಮನೆತನದ ವ್ಯಾಜ್ಯವು ಈ ಪ್ರಶ್ನೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ತಮಿಳು ಮೂಲದ ಕ್ರೈಸ್ತರಾದ ಮ್ಯಾಥ್ಯೂ ಅಬ್ರಹಾಮರು ಬಳ್ಳಾರಿಯಲ್ಲಿ ವ್ಯಾಪಾರದಿಂದ ಬಹಳ ಹಣ ಗಳಿಸಿ ೧೮೪೨ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅವರ ಪತ್ನಿ ಶಾರ್ಲಟ್ ಎಂಬಾಕೆಗೂ ತಮ್ಮನಾದ ಫ್ರಾನ್ಸಿಸರಿಗೂ ಆಸ್ತಿಯ ವಿಷಯದಲ್ಲಿ ವಿವಾದ ಹುಟ್ಟಿತು. ಕ್ರೈಸ್ತರಾದರೂ ನಾವು ಹಿಂದೂ ಅವಿಭಕ್ತ ಕುಟುಂಬದಂತೆಯೇ ಬಾಳಿದವರೆಂದು ತಮ್ಮನ ವಾದ. ಅಲ್ಲವೆಂದು ವಿಧವೆಯ ವಾದ. ಬಳ್ಳಾರಿಯ ಜಿಲ್ಲಾ ನ್ಯಾಯಾಲಯದಲ್ಲಿ ಮೊದಲಾದ ಈ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ೧೮೬೩ರಲ್ಲಿ ತೀರ್ಮಾನವಾಯಿತು. ಮತವನ್ನು ಬದಲಿಸಿದವನು ಹಳೆಯ ವ್ಯವಹಾರಧರ್ಮವನ್ನು ಬಿಡಬಹುದು, ಬೇಕೆಂದರೆ ಇಟ್ಟುಕೊಳ್ಳಲೂಬಹುದು. ಅವನು ಹೇಗೆ ಬಾಳಿದನೆಂಬುದನ್ನು ನೋಡಿ ನಿರ್ಣಯಿಸಬೇಕು ಎಂಬುದು ಆ ತೀರ್ಪಿನ ತಿರುಳು. ನಂಬಿಕೆ ಬದಲಾದ ಕ್ಷಣಕ್ಕೆ ಮನುಷ್ಯನ ನಡೆನುಡಿಯೆಲ್ಲ ಬದಲಾಗುವುದಿಲ್ಲವೆಂಬ ಸತ್ಯವನ್ನು ಆ ನ್ಯಾಯಾಧೀಶರು ಕಂಡುಕೊಂಡಿದ್ದರು.

ಎಲ್ಲಕ್ಕಿಂತ ಕಠಿನವಾದುದು ದಾಂಪತ್ಯದ ಪ್ರಶ್ನೆ. ಗಂಡನು ಕ್ರೈಸ್ತನಾದರೆ ಹೆಂಡತಿಯನ್ನು ತವರಿನವರು ಕರೆದೊಯ್ಯುತ್ತಿದ್ದರು. ಅವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಸರ್ ಹೆನ್ರಿ ಮೇನರು ಕಾನೂನು ಸದಸ್ಯರಾಗಿದ್ದಾಗ ೧೮೬೬ರಲ್ಲಿ ಇದಕ್ಕಾಗಿ ಒಂದು ಕಾಯಿದೆಯಾಯಿತು. ಮತಾಂತರದ ಕಾರಣದಿಂದ ಸಂಗಾತಿಯು ಆರು ತಿಂಗಳು ದೂರವಿದ್ದರೆ ಕ್ರೈಸ್ತನಾದವನು ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಾಧೀಶರು ಸಂಗಾತಿಯನ್ನು ಸ್ವತಃ ವಿಚಾರಿಸಬೇಕು. ಬರಲೊಲ್ಲೆನೆಂದರೂ ಒಂದು ವರ್ಷ ಕಾಯಬೇಕು. ಆ ಮೇಲೆಯೂ ಮನಸ್ಸು ತಿರುಗದಿದ್ದರೆ ಮಾತ್ರ ಬಿಡುಗಡೆ, ಇಬ್ಬರಿಗೂ ಮರುವಿವಾಹದ ಸ್ವಾತಂತ್ರ್ಯ. ಒಪ್ಪಿ ಬಾಳುವ ಸಂಗಾತಿಯನ್ನು ಬಿಡಬಾರದು, ಅಗಲಿಹೋಗುವವರನ್ನು ಬಲಾತ್ಕರಿಸಬಾರದು ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದ ಉಪದೇಶವೇ ಇದರ ಹಿಂದೆ ಇದ್ದಿತು. ಆ ಒಂದು ವರ್ಷದ ಕಾಯುವಿಕೆಯನ್ನು ಕಾಯಿದೆಯೊಳಗೆ ಸೇರಿಸಿದವರಿಗೆ ಮನುಷ್ಯಹೃದಯದ ಪರಿಚಯವಿದ್ದಿರಬೇಕು.

೫. ಪಂಢರಪುರದಲ್ಲಿ ಕಾದಿದ್ದ ಲಕ್ಷ್ಮೀಬಾಯಿ

ಕಾಯಿದೆಯು ಒಂದು ವರ್ಷ ಕಾಯೆಂದಿತು. ಐದು ವರ್ಷ ಕಾದ ದಂಪತಿಗಳ ಕಥೆಯೊಂದು ಮಹಾರಾಷ್ಟ್ರದಲ್ಲಿದೆ. ಇದುವರೆಗಿನ ಪ್ರಸಂಗಗಳಲ್ಲಿ ನಂಬಿದವರ ಮಾತು ಕೇಳಿದೆವು. ವಿರೋಧಿಸಿದ ಮನೆಯವರ ಮಾತು ಅವರ ಬಾಯಿಂದಲೇ ಕೇಳಬೇಕಾದರೆ ಈ ಕಥೆಯೇ ಬೇಕು.

ಮರಾಠಿ ಕವಿ ನಾರಾಯಣ ವಾಮನ ಟಿಳಕರು ಚಿತ್ಪಾವನ ಬ್ರಾಹ್ಮಣರು. ೧೮೯೩ರಲ್ಲಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅಪರಿಚಿತ ಯುರೋಪಿಯನ್ನರೊಬ್ಬರು ಅವರಿಗೆ ಬೈಬಲನ್ನು ಕೊಟ್ಟರು. ೧೮೯೫ರ ಫೆಬ್ರವರಿ ೧೦ರಂದು ಮುಂಬಯಿಯಲ್ಲಿ ಅವರು ಕ್ರೈಸ್ತರಾದರು. ಪತ್ನಿ ಲಕ್ಷ್ಮೀಬಾಯಿಯು ಮಡಿಮೈಲಿಗೆಯನ್ನು ಅತಿರೇಕಕ್ಕೊಯ್ದ ತಂದೆಯ ಮನೆಯಲ್ಲಿ ಬೆಳೆದ ಹೆಣ್ಣು. ಕೈಯಲ್ಲಿ ಎಳೆಯ ಮಗ. ಈ ಸುದ್ದಿ ಅವಳ ಮೇಲೆ ಸಿಡಿಲಿನಂತೆ ಬಿದ್ದಿತು. ಬಂಧುಗಳ ಆಶ್ರಯದಲ್ಲಿ ಆಕೆ ಕೆಲವು ಕಾಲ ಪಂಢರಪುರದಲ್ಲಿದ್ದಳು. ಸೋಲಾಪುರ ಜಿಲ್ಲೆಯ ಆ ಕ್ಷೇತ್ರವು ಕನ್ನಡಿಗರಿಗೂ ತೀರ್ಥಸ್ಥಾನ. ಅಲ್ಲಿಯ ವಿಠಲನನ್ನು ಮರಾಠಿ ಸಂತರೇ ಕನ್ನಡಿಗನೆಂದು ಹಾಡಿದ್ದಾರೆ.

ಟಿಳಕರು ನಂಬಿಕೆಯನ್ನು ಬಿಡಲಿಲ್ಲ, ಹೆಂಡತಿಯನ್ನೂ ಬಿಡಲಿಲ್ಲ. ಕಾಯಿದೆಯು ತೆರೆದಿಟ್ಟ ಬಿಡುಗಡೆಯ ಬಾಗಿಲ ಕಡೆಗೆ ನೋಡದೆ ಪತ್ರಗಳನ್ನು ಬರೆಯುತ್ತ ಹೋದರು. ಕೊನೆಗೆ ಆಕೆ ಗಂಡನ ಬಳಿಗೆ ಬಂದಳು—ಆದರೆ ಕ್ರೈಸ್ತಳಾಗಿ ಅಲ್ಲ. ಬೇರೆ ಅಡಿಗೆ, ಬೇರೆ ನೀರು, ಹಳೆಯ ಮಡಿ. ಟಿಳಕರು ಅದಕ್ಕೆ ಒಪ್ಪಿದರು. ಒಂದೇ ಸಂಸಾರದಲ್ಲಿ ಎರಡು ಒಲೆಗಳು ಉರಿದವು. ಆಕೆಯ ಮನಸ್ಸು ಬದಲಾದುದು ಗಂಡನ ವಾದದಿಂದಲ್ಲ. ಜಾತಿಯನ್ನು ಮಾಡಿದವರು ಮನುಷ್ಯರೋ ದೇವರೋ ಎಂದು ತನ್ನಲ್ಲಿಯೇ ಚಿಂತಿಸಿ, ಮನುಷ್ಯರೇ ಎಂದು ಕಂಡುಕೊಂಡ ದಿನ ಆಕೆ ಮಡಿಯನ್ನು ಬಿಟ್ಟಳು. ೧೯೦೦ರಲ್ಲಿ ಆಕೆಯೂ ದೀಕ್ಷಾಸ್ನಾನ ಪಡೆದಳು.

ಈ ಕಥೆಯನ್ನು ನಾವು ಬಲ್ಲೆವಾದರೆ ಅದು ಆಕೆಯೇ ಬರೆದಿಟ್ಟ ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆಯಿಂದ. ೧೯೩೪ರಿಂದ ೧೯೩೬ರ ವರೆಗೆ ಭಾಗಭಾಗವಾಗಿ ಪ್ರಕಟವಾದ ಆ ಗ್ರಂಥವು ಮರಾಠಿಯ ಶ್ರೇಷ್ಠ ಗದ್ಯಕೃತಿಗಳಲ್ಲೊಂದೆಂದು ಹೆಸರಾಗಿದೆ. ಅದರ ವಿಶೇಷವೆಂದರೆ ಹಗೆಯಿಲ್ಲದ ನಗೆ. ತನ್ನನ್ನು ಅನಾಥಳಂತೆ ಮಾಡಿದ ಗಂಡನನ್ನೂ, ಅವನನ್ನು ಬಯ್ದ ಬಂಧುಗಳನ್ನೂ, ತನ್ನದೇ ಮೌಢ್ಯವನ್ನೂ ಆಕೆ ಒಂದೇ ಪ್ರೀತಿಯಿಂದ ಚಿತ್ರಿಸಿದ್ದಾಳೆ. ಬಂಧುಗಳು ಆಕೆಗೆ ಅನ್ನವಿಕ್ಕಿದವರು, ಮಗನನ್ನು ಸಾಕಿದವರು. ಅವರ ವಿರೋಧದಲ್ಲಿ ಪ್ರೀತಿಯಿತ್ತು. ೧೯೧೯ರಲ್ಲಿ ಟಿಳಕರು ತೀರಿಕೊಂಡಾಗ ‘ಕ್ರಿಸ್ತಾಯನ’ವೆಂಬ ಅವರ ಮಹಾಕಾವ್ಯ ಅರೆಯಾಗಿ ಉಳಿದಿತ್ತು. ಅದರ ಮುಂದಿನ ಬಹುಭಾಗವನ್ನು ಬರೆದು ಪೂರೈಸಿದವಳು, ಒಂದು ಕಾಲಕ್ಕೆ ಆ ಮತದ ಹೆಸರು ಕೇಳಿದರೆ ಕಣ್ಣೀರಿಡುತ್ತಿದ್ದ ಆ ಹೆಂಡತಿಯೇ.

ಟಿಳಕರೂ ದೀಕ್ಷಾಸ್ನಾನದ ಬಳಿಕ ತಮ್ಮ ಹೆಸರನ್ನು ಬದಲಿಸಲಿಲ್ಲ. ತುಕಾರಾಮನ ಅಭಂಗದ ಧಾಟಿಯಲ್ಲಿ, ಕೀರ್ತನದ ರೀತಿಯಲ್ಲಿ ಕ್ರಿಸ್ತನನ್ನು ಹಾಡಿದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾನು ಕ್ರಿಸ್ತನಲ್ಲಿಗೆ ಬಂದೆನೆಂದು ಹೇಳಿಕೊಳ್ಳುತ್ತಿದ್ದರು.

೬. ಉಪಸಂಹಾರ

ಈ ಪ್ರಸಂಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಮನೆಯವರ ಅಸಮ್ಮತಿಯ ನಡುವೆ ನಂಬಿಕೆಯಲ್ಲಿ ದೃಢವಾಗಿ ನಿಂತವರು, ಮನೆಯವರನ್ನು ದ್ವೇಷಿಸಿ ನಿಂತವರಲ್ಲ. ಆನಂದರಾಯರು ಗೋತ್ರದ ಹೆಸರನ್ನು ಉಳಿಸಿಕೊಂಡರು. ಸೋಮಯ್ಯನು ಒಕ್ಕದ ನೆಲಕ್ಕೆ ಹಿಂದಿರುಗಿದನು. ಟಿಳಕರು ಎರಡು ಒಲೆಗಳ ಸಂಸಾರವನ್ನು ಸಹಿಸಿದರು. ದ್ವೇಷದಿಂದ ಹೊರಟವನಿಗೆ ದ್ವೇಷವು ಆರಿದ ದಿನ ನಂಬಿಕೆಯೂ ಆರುವ ಭಯವುಂಟು. ಪ್ರೀತಿಯನ್ನು ಜೊತೆಗೆ ಕೊಂಡೊಯ್ದವನು ಹೆಚ್ಚು ನೋಯುತ್ತಾನೆ, ಆದರೆ ಹೆಚ್ಚು ಕಾಲ ನಿಲ್ಲುತ್ತಾನೆ.

ತಪ್ಪುಗಳು ಎರಡು ಕಡೆಯಲ್ಲಿಯೂ ನಡೆದವು. ಎಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಮಿಶನ್ನಿನವರು ಕೆಲವೊಮ್ಮೆ ಆತುರಪಟ್ಟರು. ಹೊಸ ಕ್ರೈಸ್ತರನ್ನು ಪ್ರತ್ಯೇಕವಾದ ಕೇರಿಗಳಲ್ಲಿರಿಸಿದುದು ಆಶ್ರಯವೂ ಆಯಿತು, ಗೋಡೆಯೂ ಆಯಿತು. ಮನೆಯವರು ಪ್ರಶ್ನಿಸಿದುದು ತಪ್ಪಲ್ಲ. ಬದುಕಿರುವವನನ್ನು ಸತ್ತವನೆಂದು ಎಣಿಸಿದುದು ತಪ್ಪು. ಒಪ್ಪಿಗೆಯಿಲ್ಲದಿದ್ದರೂ ಬಾಗಿಲನ್ನು ಮುಚ್ಚದಿರುವುದು ಸಾಧ್ಯವೆಂಬುದಕ್ಕೆ ಲಕ್ಷ್ಮೀಬಾಯಿಯೇ ಸಾಕ್ಷಿ.

ಒಂದು ನಿಷ್ಠೆಯನ್ನು ಕಾಯ್ದುಕೊಳ್ಳುತ್ತ, ಅದನ್ನು ಹಂಚಿಕೊಳ್ಳದವರ ನಡುವೆ ವೈರವಿಲ್ಲದೆ ಬಾಳುವುದು ಹೇಗೆಂಬುದು ಗಡಿನಾಡಿನ ಕನ್ನಡಿಗರಾದ ನಮಗೆ ಪರಕೀಯವಾದ ಪ್ರಶ್ನೆಯಲ್ಲ. ಕಚೇರಿಯ ಭಾಷೆ ಬೇರೆ, ಮನೆಯ ಭಾಷೆ ಬೇರೆ. ನೆರೆಯವನ ನುಡಿಯನ್ನು ಕಲಿತು ಗೌರವಿಸುತ್ತಲೇ ನಮ್ಮ ನುಡಿಯನ್ನು ಮಕ್ಕಳ ಬಾಯಲ್ಲಿ ಉಳಿಸಬೇಕು. ಇದೇ ನೆಲದ ಮಂಜೇಶ್ವರದಲ್ಲಿ ಕುಳಿತು ರಾಷ್ಟ್ರಕವಿ ಗೋವಿಂದ ಪೈಗಳು, ತಾವು ಕ್ರೈಸ್ತರಲ್ಲದೆಯೇ, ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥ’ ಕಾವ್ಯವನ್ನು ರಚಿಸಿದರು. ಅವರು ಹುಟ್ಟಿದುದು ಕೊಂಕಣಿಯಾಡುವ ಗೌಡಸಾರಸ್ವತ ಮನೆತನದಲ್ಲಿ, ಬರೆದುದು ಕನ್ನಡದಲ್ಲಿ. ಆನಂದರಾಯರು ಹುಟ್ಟಿದುದೂ ಸಾರಸ್ವತರ ಮನೆಯಲ್ಲಿಯೇ. ಒಬ್ಬರು ಕ್ರಿಸ್ತನನ್ನು ನಂಬಿ ಮನೆಯಿಂದ ಹೊರಗಾದರು. ಮುಂದಿನ ಶತಮಾನದಲ್ಲಿ ಇನ್ನೊಬ್ಬರು ಮನೆಯೊಳಗಿದ್ದುಕೊಂಡೇ ಕ್ರಿಸ್ತನಿಗಾಗಿ ಕಣ್ಣೀರು ಸುರಿಸಿದರು. ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ನಡುವಿನ ಆ ವರ್ಷಗಳಲ್ಲಿ ನಮ್ಮ ನಾಡು ಸ್ವಲ್ಪ ದೂರವನ್ನಾದರೂ ನಡೆದಿದೆಯೆಂಬುದಕ್ಕೆ ಇದು ಗುರುತು. ಉಳಿದ ದಾರಿಯನ್ನು ನಡೆಯುವುದು ನಮ್ಮ ಪಾಲಿನ ಕೆಲಸ.